ದೀನಳ ಮೌನವನ್ನು ಓದುವುದು: ಸ್ತ್ರೀಕೇಂದ್ರಿತ ಕಥನಗಳು ಮತ್ತು ಸತ್ಯವೇದದ ಓದುಗರು

ಆದಿಕಾಂಡದ 34ನೆಯ ಅಧ್ಯಾಯದಲ್ಲಿ 31 ವಚನಗಳಿವೆ. ಅವುಗಳಲ್ಲಿ ಶೆಕೆಮನು ಮಾತನಾಡುತ್ತಾನೆ. ಅವನ ತಂದೆ ಹಮೋರನು ಮಾತನಾಡುತ್ತಾನೆ. ಯಾಕೋಬನ ಗಂಡುಮಕ್ಕಳು ಮಾತನಾಡುತ್ತಾರೆ. ಕಡೆಗೆ ಯಾಕೋಬನೂ ಮಾತನಾಡುತ್ತಾನೆ. ಯಾರ ನಿಮಿತ್ತ ಈ ಎಲ್ಲ ಮಾತುಕತೆ ನಡೆಯುತ್ತದೆಯೋ ಆ ದೀನಳ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ. ಅವಳಿಗೆ ಏನಾಯಿತೆಂದು ಅವಳನ್ನು ಯಾರೂ ಕೇಳುವುದೂ ಇಲ್ಲ.

ಅಮೆರಿಕದ ಯೆಹೂದಿ ಲೇಖಕಿ ಅನಿತಾ ಡಯಮಂಟ್ ಅವರು 1997ರಲ್ಲಿ ಪ್ರಕಟಿಸಿದ ‘ದಿ ರೆಡ್ ಟೆಂಟ್’ ಎಂಬ ಕಾದಂಬರಿಯಲ್ಲಿ ಈ ದೀನಳೇ ತನ್ನ ಕಥೆಯನ್ನು ಹೇಳುತ್ತಾಳೆ. ಅನೇಕ ಭಾಷೆಗಳಿಗೆ ಅನುವಾದಗೊಂಡ ಈ ಕೃತಿಯನ್ನು ಓದಿದವರು ಆದಿಕಾಂಡದ ಕಡೆಗೆ ಮರಳಿದಾಗ, ತಾವು ತಿಳಿದುಕೊಂಡ ದೀನಳು ಅಲ್ಲಿ ಕಾಣದೆ ಗೊಂದಲಕ್ಕೊಳಗಾಗುವುದುಂಟು. ಇಂಥ ಓದುಗರಿಗೆ ಸಭಾಪಾಲಕರಾದ ನಾವು ಸಾಮಾನ್ಯವಾಗಿ ಎರಡು ಉತ್ತರಗಳಲ್ಲಿ ಒಂದನ್ನು ಕೊಡುತ್ತೇವೆ. ‘ಅದು ಕಟ್ಟುಕಥೆ, ಬದಿಗಿಡಿರಿ’ ಎಂಬುದು ಒಂದು. ‘ಕಾದಂಬರಿಯೂ ಒಂದು ವ್ಯಾಖ್ಯಾನವೇ, ಓದಿಕೊಳ್ಳಿರಿ’ ಎಂಬುದು ಇನ್ನೊಂದು. ಈ ಎರಡು ಉತ್ತರಗಳೂ ನಮ್ಮನ್ನು ಓದುವ ಶ್ರಮದಿಂದ ಬಿಡಿಸುತ್ತವೆ. ಕಾದಂಬರಿ ಎತ್ತುವ ಪ್ರಶ್ನೆಯನ್ನು ಗಂಭೀರವಾಗಿ ಸ್ವೀಕರಿಸಿ, ಅದು ಕೊಡುವ ಉತ್ತರವನ್ನು ಮೂಲಪಾಠದ ಎದುರು ಪರೀಕ್ಷಿಸುವುದು ಹೇಗೆಂಬುದನ್ನು ದೀನಳ ಪ್ರಸಂಗವನ್ನೇ ಆಧಾರವಾಗಿಟ್ಟುಕೊಂಡು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಮರುಕಥನದ ಪರಿಚಿತ ದಾರಿ

ಕನ್ನಡದ ಓದುಗರಿಗೆ ಮರುಕಥನವು ಹೊಸದಲ್ಲ. ಎಸ್. ಎಲ್. ಭೈರಪ್ಪನವರ ‘ಪರ್ವ’ (1979) ಕುಂತಿ, ದ್ರೌಪದಿಯರ ನೆನಪುಗಳ ಮೂಲಕವೂ ಮಹಾಭಾರತವನ್ನು ಕಾಣಿಸಿತು. ವೈದೇಹಿಯವರ ‘ಶಕುಂತಲೆಯೊಂದಿಗೆ ಕಳೆದ ಅಪರಾಹ್ನ’ ಎಂಬ ಕಥೆಯಲ್ಲಿ ಶಕುಂತಲೆಯೇ ತನ್ನ ಬಾಳನ್ನು ಹೇಳಿಕೊಳ್ಳುತ್ತಾಳೆ. ನೆರೆಯ ತೆಲುಗಿನಲ್ಲಿ ವೋಲ್ಗಾ ಅವರ ‘ವಿಮುಕ್ತ’ ಸಂಕಲನವು ಸೀತೆಯನ್ನು ಶೂರ್ಪನಖಿ, ಅಹಲ್ಯೆ, ರೇಣುಕೆ, ಊರ್ಮಿಳೆಯರೊಡನೆ ಸಂಧಿಸುವಂತೆ ಮಾಡಿ, 2015ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಗೆ ಪಾತ್ರವಾಯಿತು. ಈ ಕೃತಿಗಳೆಲ್ಲ ಕೇಳುವ ಮೂಲಪ್ರಶ್ನೆ ಒಂದೇ: ಇದೇ ಕಥೆಯನ್ನು ಆ ಹೆಣ್ಣು ಹೇಳಿದ್ದರೆ ಹೇಗಿರುತ್ತಿತ್ತು?

ಆದರೆ ಮರುಕಥನವು ಯಾವಾಗಲೂ ಹೆಣ್ಣಿನ ಪರವಾಗಿಯೇ ನಡೆಯುತ್ತದೆಂದು ಭಾವಿಸಲಾಗದು. ಹತ್ತನೆಯ ಶತಮಾನದ ಪಂಪನು ‘ವಿಕ್ರಮಾರ್ಜುನ ವಿಜಯ’ದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿಸಿದನು. ಅವನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದ ಕಾವ್ಯಕ್ಕೆ ಆ ಬದಲಾವಣೆ ಒಪ್ಪುತ್ತಿತ್ತು. ಒಬ್ಬ ಸ್ತ್ರೀಯ ಬಾಳು ಹೀಗೆ ಕಾವ್ಯದ ನಾಯಕನ ಘನತೆಗೆ ತಕ್ಕಂತೆ ತಿದ್ದಲ್ಪಟ್ಟಿತು. ಆದುದರಿಂದ ಯಾವ ಮರುಕಥನವನ್ನು ಕೈಗೆತ್ತಿಕೊಂಡರೂ, ಬದಲಾವಣೆ ಯಾರಿಗಾಗಿ ನಡೆದಿದೆ ಎಂದು ಕೇಳುವುದು ಓದುಗನ ಮೊದಲ ಕರ್ತವ್ಯವಾಗಿದೆ.

ಸತ್ಯವೇದದ ವಿಷಯಕ್ಕೆ ಬಂದಾಗ ಇನ್ನೊಂದು ಪ್ರಶ್ನೆ ಸೇರಿಕೊಳ್ಳುತ್ತದೆ. ನಮಗೆ ಶಾಸ್ತ್ರಗ್ರಂಥಗಳ ಸಂಖ್ಯೆ ನಿಗದಿಯಾಗಿದೆ. ಯಾವ ಕಾದಂಬರಿಯೂ ಅವುಗಳ ಸಾಲಿನಲ್ಲಿ ನಿಲ್ಲಲಾರದು. ಹಾಗಿದ್ದರೂ ಪಾಠದ ಮೌನಗಳನ್ನು ಕಲ್ಪನೆಯಿಂದ ತುಂಬುವ ಪದ್ಧತಿ ಶಾಸ್ತ್ರವನ್ನು ಪೂಜ್ಯವಾಗಿ ಕಂಡವರ ನಡುವೆಯೇ ಬೆಳೆದುಬಂದಿದೆ. ದೀನಳ ಮುಂದಿನ ಗತಿಯೇನಾಯಿತೆಂದು ಯೆಹೂದಿ ವ್ಯಾಖ್ಯಾನ ಪರಂಪರೆ ಬಗೆಬಗೆಯಾಗಿ ಕೇಳಿಕೊಂಡಿದೆ. ಅವಳು ಯೋಬನ ಹೆಂಡತಿಯಾದಳೆಂದು ಒಂದು ಸಂಪ್ರದಾಯ ಹೇಳಿದರೆ, ಯೋಸೇಫನು ಮದುವೆಯಾದ ಆಸನತ್ ಎಂಬವಳು ದೀನಳ ಮಗಳೆಂದು ಇನ್ನೊಂದು ಹೇಳುತ್ತದೆ. ಅವಳನ್ನು ಹಾಗೆಯೇ ಬಿಟ್ಟುಬಿಡಲು ಆ ಓದುಗರ ಮನಸ್ಸು ಒಪ್ಪಲಿಲ್ಲವೆಂಬುದಕ್ಕೆ ಈ ಕಥೆಗಳೇ ಸಾಕ್ಷಿ.

ಸಭೆಯು ಹೆಣೆದ ಕಥೆಗಳು

ಕ್ರೈಸ್ತ ಸಭೆಯೂ ಸ್ತ್ರೀಯರ ಕುರಿತು ಕಥೆಗಳನ್ನು ಹೆಣೆದಿದೆ. ವ್ಯತ್ಯಾಸವೆಂದರೆ ನಾವು ಅವುಗಳನ್ನು ಕಥೆಗಳೆಂದು ಕರೆಯಲಿಲ್ಲ, ವ್ಯಾಖ್ಯಾನವೆಂದು ಕರೆದೆವು.

ಹನ್ನೆರಡನೆಯ ಶತಮಾನದ ಕ್ಲೇರ್ವೋದ ಬರ್ನಾರ್ಡನು ನಮ್ರತೆ ಮತ್ತು ಗರ್ವಗಳ ಮೆಟ್ಟಿಲುಗಳನ್ನು ಕುರಿತ ತನ್ನ ಗ್ರಂಥದಲ್ಲಿ, ಗರ್ವದ ಮೊದಲ ಮೆಟ್ಟಿಲಾದ ಕುತೂಹಲಕ್ಕೆ ದೀನಳನ್ನು ಉದಾಹರಣೆಯಾಗಿ ಕೊಡುತ್ತಾನೆ. ಅವಳು ನೋಡಬೇಕೆಂದು ಹೊರಗೆ ಹೋದುದೇ ಕೇಡಿಗೆ ಕಾರಣವಾಯಿತೆಂಬುದು ಅಲ್ಲಿಯ ಧ್ವನಿ. ಮೂಲಪಾಠವು ಹೇಳುವುದಿಷ್ಟೇ: ಲೇಯಳ ಮಗಳಾದ ದೀನಳು ಆ ನಾಡಿನ ಹೆಣ್ಣುಮಕ್ಕಳನ್ನು ನೋಡಲು ಹೊರಟಳು. ಅವಳು ಹುಡುಕಿಕೊಂಡು ಹೋದದ್ದು ಸ್ತ್ರೀಯರ ಸಂಗವನ್ನು. ಅವಳ ಹೋಗುವಿಕೆಯನ್ನು ಪಾಠವು ಖಂಡಿಸುವುದಿಲ್ಲ. ತಪ್ಪು ಅವಳದೆಂಬ ಮಾತು ಓದುಗರು ಸೇರಿಸಿದ್ದು. ಅದು ಎಷ್ಟೋ ಪ್ರಸಂಗಗಳಲ್ಲಿ ಹೆಣ್ಣುಮಕ್ಕಳಿಗೆ ಎಚ್ಚರಿಕೆಯ ರೂಪದಲ್ಲಿ ಇಂದಿಗೂ ಕೇಳಿಬರುತ್ತದೆ.

ಮಗ್ದಲದ ಮರಿಯಳ ಕಥೆ ಇನ್ನೂ ಸ್ಪಷ್ಟವಾದುದು. ಮಹಾ ಗ್ರೆಗೊರಿಯು 591ರಲ್ಲಿ ರೋಮಿನಲ್ಲಿ ಮಾಡಿದ ಪ್ರಸಂಗವೊಂದರಲ್ಲಿ, ಲೂಕ 7ರ ಹೆಸರಿಲ್ಲದ ಪಾಪಿ ಹೆಂಗಸನ್ನೂ ಬೇಥಾನ್ಯದ ಮರಿಯಳನ್ನೂ ಏಳು ದೆವ್ವಗಳಿಂದ ಬಿಡುಗಡೆ ಹೊಂದಿದ ಮಗ್ದಲದವಳನ್ನೂ ಒಬ್ಬಳೇ ವ್ಯಕ್ತಿಯೆಂದು ಹೇಳಿದನು. ಪೂರ್ವದ ಸಭೆಗಳು ಈ ಸಮೀಕರಣವನ್ನು ಒಪ್ಪಲಿಲ್ಲ. ಪಶ್ಚಿಮದಲ್ಲಾದರೋ ಪುನರುತ್ಥಾನದ ಮೊದಲ ಸಾಕ್ಷಿಯಾದವಳು ಶತಮಾನಗಳ ಕಾಲ ಪಶ್ಚಾತ್ತಾಪಪಟ್ಟ ವೇಶ್ಯೆಯಾಗಿ ಚಿತ್ರಗಳಲ್ಲಿ, ನಾಟಕಗಳಲ್ಲಿ, ಪ್ರಸಂಗಗಳಲ್ಲಿ ಉಳಿದಳು. ರೋಮನ್ ಕಥೋಲಿಕ ಸಭೆ 1969ರ ಪಂಚಾಂಗದ ಪರಿಷ್ಕರಣೆಯಲ್ಲಿ ಈ ಬೆಸುಗೆಯನ್ನು ಬಿಡಿಸಿತು. 2016ರಲ್ಲಿ ಅವಳ ಸ್ಮರಣೆಯ ದಿನವನ್ನು ಹಬ್ಬದ ದರ್ಜೆಗೆ ಏರಿಸಿತು.

ಲೂಕನ ಸುವಾರ್ತೆಯ ಕಡೆಯ ಅಧ್ಯಾಯವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸಮಾಧಿಯಿಂದ ಮರಳಿದ ಮಗ್ದಲದ ಮರಿಯಳು, ಯೋಹಾನಳು, ಯಾಕೋಬನ ತಾಯಿ ಮರಿಯಳು ಮತ್ತಿತರ ಸ್ತ್ರೀಯರು ಕಂಡದ್ದನ್ನು ಹೇಳಿದಾಗ, ಅಪೊಸ್ತಲರಿಗೆ ಅದು ಬರಿಯ ಹರಟೆಯಾಗಿ ತೋರಿತು (ಲೂಕ 24:10-11). ಸ್ತ್ರೀಯರ ನಿಜವಾದ ಸಾಕ್ಷ್ಯವನ್ನು ಶಿಷ್ಯರು ಕಥೆಯೆಂದು ತಳ್ಳಿಹಾಕಿದರು; ಸ್ತ್ರೀಯರ ಕುರಿತು ಹುಟ್ಟಿದ ಕಥೆಯನ್ನು ಸಭೆ ಸಾಕ್ಷ್ಯವೆಂದು ಕಾಪಾಡಿಕೊಂಡು ಬಂದಿತು. ಕಾದಂಬರಿಯ ‘ಕಲ್ಪನೆ’ಯನ್ನು ಟೀಕಿಸಲು ಹೊರಡುವ ಮುನ್ನ ಈ ಇತಿಹಾಸವನ್ನು ನಾವು ಒಪ್ಪಿಕೊಳ್ಳಬೇಕಾಗಿದೆ.

ಕೆಂಪು ಗುಡಾರದ ಒಳಗೆ

ಈಗ ಡಯಮಂಟ್ ಅವರ ಕಾದಂಬರಿಯನ್ನು ನೋಡೋಣ. ಲೇಯ, ರಾಹೇಲ, ಜಿಲ್ಪ, ಬಿಲ್ಹ ಎಂಬ ನಾಲ್ವರನ್ನೂ ದೀನಳು ತನ್ನ ತಾಯಂದಿರೆಂದು ಎಣಿಸುತ್ತಾಳೆ. ಮುಟ್ಟಿನ ದಿನಗಳಲ್ಲಿಯೂ ಹೆರಿಗೆಯಲ್ಲಿಯೂ ಅವರೆಲ್ಲ ಸೇರುವ ಕೆಂಪು ಗುಡಾರದಲ್ಲಿ ಕಥೆಗಳು, ಹಾಡುಗಳು, ಸೂಲಗಿತ್ತಿಯ ವಿದ್ಯೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹರಿಯುತ್ತವೆ. ದೀನಳು ಶೆಕೆಮಿನ ಅರಸುಕುಮಾರನನ್ನು ಪ್ರೀತಿಸುತ್ತಾಳೆ. ಅವಳ ಸಹೋದರರು ಅವನನ್ನು ಕೊಲ್ಲುತ್ತಾರೆ. ಅವಳು ಐಗುಪ್ತಕ್ಕೆ ಹೋಗಿ ಮಗನನ್ನು ಹೆತ್ತು, ಸೂಲಗಿತ್ತಿಯಾಗಿ ಬಾಳುತ್ತಾಳೆ.

ಈ ಓದಿನಿಂದ ನಮಗೆ ದೊರೆಯುವ ಲಾಭ ಸಣ್ಣದಲ್ಲ. ಪಿತೃಗಳ ಚರಿತ್ರೆಯೆಂದು ನಾವು ಕಲಿಸುವ ಅಧ್ಯಾಯಗಳಲ್ಲಿ ನೀರು ಹೊತ್ತವರು, ಹಿಟ್ಟು ನಾದಿದವರು, ಹೆರಿಗೆಯಲ್ಲಿ ಸತ್ತವರು ಇದ್ದರೆಂಬುದನ್ನು ಕಾದಂಬರಿ ನೆನಪಿಸುತ್ತದೆ. ಯಾಕೋಬನ ಗಂಡುಮಕ್ಕಳು ಹುಟ್ಟಿದಾಗಲೆಲ್ಲ ಹೆಸರಿನ ಅರ್ಥವನ್ನು ಹೇಳುವ ಆದಿಕಾಂಡವು ದೀನಳ ಜನನವನ್ನು ಒಂದೇ ವಾಕ್ಯದಲ್ಲಿ ಮುಗಿಸಿ, ಅವಳ ಹೆಸರಿಗೆ ಅರ್ಥವನ್ನೇ ಹೇಳದಿರುವುದನ್ನು (30:21) ನಮ್ಮಲ್ಲಿ ಎಷ್ಟು ಮಂದಿ ಗಮನಿಸಿದ್ದೇವೆ?

ಆದರೆ ಎರಡು ಕಡೆಗಳಲ್ಲಿ ಎಚ್ಚರ ಬೇಕು. ಮೊದಲನೆಯದು ಆ ಗುಡಾರವೇ. ಆದಿಕಾಂಡದಲ್ಲಿ ಅಂಥ ಗುಡಾರದ ಪ್ರಸ್ತಾಪವಿಲ್ಲ. ಲಾಬಾನನು ವಿಗ್ರಹಗಳನ್ನು ಹುಡುಕಿದಾಗ ಲೇಯಳ ಗುಡಾರ, ದಾಸಿಯರಿಬ್ಬರ ಗುಡಾರ, ರಾಹೇಲಳ ಗುಡಾರ ಎಂದು ಪಾಠವು ಹೇಳುತ್ತದೆ. ರಾಹೇಲಳು ತಾನು ಮುಟ್ಟಾಗಿದ್ದೇನೆಂದು ಹೇಳುವಾಗ ಇರುವುದು ತನ್ನ ಗುಡಾರದಲ್ಲಿಯೇ (31:33-35). ಕಾದಂಬರಿಯಲ್ಲಿ ಮುಟ್ಟಿನ ಗುಡಾರವು ಸಖ್ಯದ ಸ್ಥಳ. ನಮ್ಮ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರೂ ಬಾಣಂತಿಯರೂ ಹಟ್ಟಿಯ ಹೊರಗಿನ ಗುಡಿಸಲುಗಳಲ್ಲಿ ಚಳಿಮಳೆಗಳ ನಡುವೆ ದಿನ ಕಳೆಯಬೇಕಾಗಿ ಬಂದ ಪದ್ಧತಿಯನ್ನು ಬಲ್ಲ ಓದುಗರು, ಆ ಚಿತ್ರವನ್ನು ಹಾಗೆಯೇ ಸ್ವೀಕರಿಸಲಾರರು. ದೂರದ ನಾಡಿನ ಲೇಖಕಿಗೆ ಕಳೆದುಹೋದ ಸಹವಾಸವಾಗಿ ಕಂಡದ್ದು, ಅದನ್ನು ಅನುಭವಿಸಿದವಳಿಗೆ ಹೊರದೂಡುವಿಕೆಯಾಗಿರಬಹುದು.

ಎರಡನೆಯದು ಇನ್ನೂ ಗುರುತರವಾದುದು. ದೀನಳಿಗೆ ಬಾಯಿ ಕೊಡುವ ಕಾದಂಬರಿ, ಅವಳಿಗಾದ ಅನ್ಯಾಯವನ್ನು ಪ್ರೇಮವನ್ನಾಗಿ ಮಾರ್ಪಡಿಸುತ್ತದೆ. ಲೇಖಕಿಯ ಉದ್ದೇಶ ಒಳ್ಳೆಯದೇ. ದೀನಳು ಬರಿಯ ಬಲಿಪಶುವಾಗಿ ಉಳಿಯಬಾರದು, ತನ್ನ ಬಾಳನ್ನು ತಾನೇ ಆರಿಸಿಕೊಂಡವಳಾಗಬೇಕು. ಆದರೆ ಫಲವೇನಾಯಿತು? ಹೊರಗೆ ಹೋದದ್ದು ಅವಳ ತಪ್ಪೆಂದ ಪ್ರಸಂಗಿಯೂ, ಅವಳೇ ಬಯಸಿದಳೆಂದ ಕಾದಂಬರಿಯೂ ಬೇರೆಬೇರೆ ದಾರಿಗಳಿಂದ ಬಂದು, ಶೆಕೆಮನು ಮಾಡಿದ್ದನ್ನು ಹಗುರಗೊಳಿಸುವ ಒಂದೇ ಸ್ಥಳವನ್ನು ತಲಪುತ್ತಾರೆ. ಅನ್ಯಾಯಕ್ಕೆ ಒಳಗಾದ ಸ್ತ್ರೀಯರು ಈ ಎರಡು ಮಾತುಗಳನ್ನೂ ಊರಿನವರ ಬಾಯಿಂದ ಕೇಳಿರುತ್ತಾರೆ.

ಮೂಲಪಾಠಕ್ಕೆ ಹಿಂದಿರುಗಿದಾಗ

ಕಾದಂಬರಿಯ ಪ್ರಶ್ನೆಯನ್ನು ಹೊತ್ತು ಮೂಲಪಾಠಕ್ಕೆ ಮರಳಿದರೆ, ಅದು ನಾವು ಎಣಿಸಿದ್ದಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ. 34:2ರಲ್ಲಿ ಕ್ರಿಯಾಪದಗಳು ಒಂದರ ಹಿಂದೆ ಒಂದು ಬರುತ್ತವೆ: ಕಂಡನು, ತೆಗೆದುಕೊಂಡನು, ಮಲಗಿದನು, ಕುಗ್ಗಿಸಿದನು. ಕಡೆಯ ಇಬ್ರಿಯ ಪದ ‘ಇನ್ನಾ’. ಈ ಪದವು ಇಲ್ಲಿ ಬಲಾತ್ಕಾರವನ್ನು ಸೂಚಿಸುತ್ತದೆಯೇ, ಮರ್ಯಾದೆಯ ಹಾನಿಯನ್ನು ಮಾತ್ರವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಲಿನ್ ಬೆಕ್ಟೆಲ್ ಅವರಂಥವರು ಬಲಾತ್ಕಾರವೆಂಬ ಅರ್ಥವನ್ನು ಒಪ್ಪುವುದಿಲ್ಲ. ಆದರೂ ಆ ಪದವು ಬೇರೆಲ್ಲಿ ಬರುತ್ತದೆಂಬುದನ್ನು ನೋಡಬೇಕು. ಸಾರಯಳು ಹಾಗರಳನ್ನು ಬಾಧಿಸಿದಾಗ (ಆದಿಕಾಂಡ 16:6) ಅದೇ ಪದ. ಐಗುಪ್ತ್ಯರು ಇಸ್ರಾಯೇಲ್ಯರನ್ನು ಬಿಟ್ಟಿಕೆಲಸದಿಂದ ಕುಗ್ಗಿಸಿದಾಗ (ವಿಮೋಚನಕಾಂಡ 1:11-12) ಅದೇ ಪದ. ಅಮ್ನೋನನು ತಾಮಾರಳ ಮೇಲೆ ಬಲಾತ್ಕಾರ ಮಾಡಿದಾಗ (2 ಸಮುವೇಲ 13:14) ಅದೇ ಪದ. ದೇವರು ಕಂಡು ಇಳಿದುಬಂದ ಆ ಬಾಧೆಯ ಹೆಸರನ್ನೇ ಪಾಠವು ದೀನಳ ಬಾಧೆಗೂ ಇಟ್ಟಿದೆ.

ಅನಂತರ ಶೆಕೆಮನು ಅವಳ ‘ಹೃದಯದೊಡನೆ ಮಾತನಾಡಿದನು’ ಎಂಬರ್ಥದ ನುಡಿಗಟ್ಟು ಬರುತ್ತದೆ (34:3). ಪ್ರೇಮದ ವಾದಕ್ಕೆ ಇದೇ ಆಧಾರ. ಆದರೆ ತನ್ನ ಉಪಪತ್ನಿಯನ್ನು ಕರೆತರಲು ಹೋದ ಲೇವಿಯನ ಬಗ್ಗೆಯೂ ಇದೇ ನುಡಿಗಟ್ಟಿದೆ (ನ್ಯಾಯಸ್ಥಾಪಕರು 19:3). ಅವನು ಅದೇ ಹೆಂಗಸನ್ನು ಗಿಬೆಯದ ಗುಂಪಿಗೆ ಒಪ್ಪಿಸಿದನೆಂಬುದನ್ನು ನಾವು ಬಲ್ಲೆವು. ಮೃದುವಾದ ಮಾತು ಹಿಂದೆ ನಡೆದುದನ್ನು ಅಳಿಸುವುದಿಲ್ಲ. ದೀನಳು ಏನು ಉತ್ತರ ಕೊಟ್ಟಳೆಂಬುದೂ ಪಾಠದಲ್ಲಿಲ್ಲ.

ಇನ್ನೊಂದು ವಿವರವು ತಡವಾಗಿ ಹೊರಬೀಳುತ್ತದೆ. ಹಮೋರನೂ ಯಾಕೋಬನ ಮಕ್ಕಳೂ ತೆರದ ಹಣ, ಭೂಮಿ, ಸುನ್ನತಿಗಳನ್ನು ಕುರಿತು ಮಾತುಕತೆ ನಡೆಸುವಾಗ ದೀನಳು ಎಲ್ಲಿದ್ದಳು? ಸಿಮೆಯೋನನೂ ಲೇವಿಯೂ ಅವಳನ್ನು ಶೆಕೆಮನ ಮನೆಯಿಂದ ಕರೆದುಕೊಂಡು ಹೊರಟರೆಂದು 26ನೆಯ ವಚನ ತಿಳಿಸಿದಾಗ ಮಾತ್ರ, ಅಷ್ಟೂ ಕಾಲ ಅವಳು ಅಲ್ಲಿಯೇ ಇದ್ದಳೆಂದು ನಮಗೆ ಗೊತ್ತಾಗುತ್ತದೆ. ಮದುವೆಯ ಮಾತುಕತೆಯೆಂದು ನಾವು ಓದಿದ್ದು ಆಕೆಯನ್ನು ಇರಿಸಿಕೊಂಡವರು ನಡೆಸಿದ ಮಾತುಕತೆ. ಮೂರು ವಚನಗಳ ತರುವಾಯ, ಯಾಕೋಬನ ಮಕ್ಕಳು ಆ ಪಟ್ಟಣದ ಸ್ತ್ರೀಯರನ್ನೂ ಮಕ್ಕಳನ್ನೂ ಸೆರೆಹಿಡಿದರೆಂಬ ಮಾತಿದೆ (34:29). ಯಾರನ್ನು ನೋಡಲು ದೀನಳು ಹೊರಟಿದ್ದಳೋ ಆ ನಾಡಿನ ಹೆಣ್ಣುಮಕ್ಕಳೇ ಅವಳ ಹೆಸರಿನಲ್ಲಿ ಸೆರೆಯಾದರು. ಸಹೋದರರ ನ್ಯಾಯವನ್ನು ಹೊಗಳುವ ಪ್ರಸಂಗಗಳು ಈ ವಚನವನ್ನು ದಾಟಿ ಹೋಗುತ್ತವೆ.

ಯಾಕೋಬನು ಸುದ್ದಿ ಕೇಳಿ ಸುಮ್ಮನಿದ್ದನು (34:5). ಕಡೆಗೆ ಅವನು ಬಾಯಿ ತೆರೆದಾಗ ಆಡಿದ್ದು ತನ್ನ ಹೆಸರು ಕೆಟ್ಟದ್ದನ್ನೂ ತನ್ನ ಮನೆತನಕ್ಕೆ ಬಂದ ಅಪಾಯವನ್ನೂ ಕುರಿತು. ಮಗಳ ಹೆಸರು ಅದರಲ್ಲಿಲ್ಲ. ಮರಣಶಯ್ಯೆಯಲ್ಲಿ ಅವನು ಸಿಮೆಯೋನ್ ಮತ್ತು ಲೇವಿಯರ ಕ್ರೌರ್ಯವನ್ನು ಶಪಿಸುತ್ತಾನೆ (49:5-7), ಅಲ್ಲಿಯೂ ದೀನಳಿಲ್ಲ. ಆದರೆ ಐಗುಪ್ತಕ್ಕೆ ಇಳಿದುಹೋದವರ ಪಟ್ಟಿಯಲ್ಲಿ ಅವಳ ಹೆಸರಿದೆ (46:15). ತಂದೆ ಎತ್ತದ ಹೆಸರನ್ನು ಪಾಠವು ಉಳಿಸಿಕೊಂಡಿದೆ. ಅವಳ ಮೌನವನ್ನು ಪಾಠವು ಮುಚ್ಚಿಡದೆ, ಗಂಡಸರ ಮಾತಿನ ನಡುವೆ ಎಲ್ಲರಿಗೂ ಕಾಣುವಂತೆ ಇಟ್ಟಿದೆಯೆಂದು ನಾವು ತಿಳಿಯುತ್ತೇವೆ.

ಓದಿಗೆ ನಾಲ್ಕು ಪ್ರಶ್ನೆಗಳು

ಇಂಥ ಕೃತಿಗಳನ್ನು ವಿದ್ಯಾರ್ಥಿಗಳೊಡನೆಯೋ ಸ್ತ್ರೀಯರ ಕೂಟದಲ್ಲಿಯೋ ಓದುವವರಿಗೆ ನಾಲ್ಕು ಪ್ರಶ್ನೆಗಳು ನೆರವಾಗಬಹುದು.

ಮೊದಲನೆಯದಾಗಿ, ಲೇಖಕರು ಯಾವ ಮೌನವನ್ನು ಕಂಡಿದ್ದಾರೆ? ಅದು ಪಾಠದಲ್ಲಿ ನಿಜವಾಗಿ ಇರುವ ಮೌನವೇ ಎಂದು ಪರೀಕ್ಷಿಸಬೇಕು. ದೀನಳ ಮೌನ ನಿಜವಾದುದು. ಆದರೆ ಅಮ್ನೋನನ ಮನೆಯಲ್ಲಿ ತಾಮಾರಳು ಮೌನವಾಗಿರಲಿಲ್ಲ. ಅವಳು ವಾದಿಸಿದಳು, ಬೇಡಿಕೊಂಡಳು, ಬೂದಿ ಹಾಕಿಕೊಂಡು ಬಹಿರಂಗವಾಗಿ ಅತ್ತಳು. ಸುಮ್ಮನಿರೆಂದು ಅವಳಿಗೆ ಹೇಳಿದವನು ಅವಳ ಅಣ್ಣ ಅಬ್ಷಾಲೋಮನು (2 ಸಮುವೇಲ 13:12-20). ಇರುವ ಮಾತನ್ನು ನಾವು ಕೇಳಿಸಿಕೊಳ್ಳದೆ ಅದನ್ನು ಮೌನವೆಂದು ಕರೆಯಬಾರದು.

ಎರಡನೆಯದಾಗಿ, ಮೌನವನ್ನು ಏತರಿಂದ ತುಂಬಿದ್ದಾರೆ? ಆ ಕಾಲದ ಬದುಕಿನ ತಿಳಿವಳಿಕೆಯಿಂದಲೋ, ಲೇಖಕರ ಕಾಲದ ಬಯಕೆಯಿಂದಲೋ? ಎರಡೂ ಕೃತಿಯಲ್ಲಿರಬಹುದು, ಓದುಗನು ಅವುಗಳನ್ನು ಬೇರ್ಪಡಿಸಿ ಅರಿತಿರಬೇಕು.

ಮೂರನೆಯದಾಗಿ, ಹೀಗೆ ತುಂಬಿದ್ದರಿಂದ ಯಾರ ಹೊರೆ ಹಗುರವಾಯಿತು? ಅನ್ಯಾಯ ಮಾಡಿದವನದಾಗಿದ್ದರೆ, ಆ ಕೃತಿ ಎಷ್ಟೇ ಸುಂದರವಾಗಿದ್ದರೂ ಆ ಭಾಗವನ್ನು ನಾವು ಬೋಧನೆಗೆ ಬಳಸಲಾಗದು.

ನಾಲ್ಕನೆಯದಾಗಿ, ಸ್ತ್ರೀಯೇ ಬರೆದದ್ದು ಲಭ್ಯವಿದೆಯೇ? 203ರಲ್ಲಿ ಕಾರ್ಥೇಜಿನಲ್ಲಿ ರಕ್ತಸಾಕ್ಷಿಯಾದ ಪೆರ್ಪೆತುವ ಎಂಬ ಯುವತಿಯ ಸೆರೆಮನೆಯ ಬರಹವೆಂದು ಪರಂಪರೆ ಕಾಪಾಡಿಕೊಂಡು ಬಂದ ಭಾಗದಲ್ಲಿ, ತಂದೆಯ ಬೇಡಿಕೆ, ಮೊಲೆಹಾಲಿನ ಕೂಸಿನ ಚಿಂತೆ, ಕಂಡ ದರ್ಶನಗಳು ಅವಳ ಮಾತಿನಲ್ಲಿಯೇ ಇವೆ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ತಮ್ಮ ವಿಶ್ವಾಸದ ಕಥೆಯನ್ನು ತಾವೇ ಬರೆದಿಟ್ಟಿದ್ದಾರೆ; ಸತ್ಯವೇದವನ್ನು ಮರಾಠಿಗೆ ಅನುವಾದಿಸಿದ್ದಾರೆ. ಕಾದಂಬರಿಯ ಜೊತೆಗೆ ಇಂಥ ಬರಹಗಳನ್ನೂ ಪಾಠಪಟ್ಟಿಗೆ ಸೇರಿಸಿದರೆ, ಕಲ್ಪಿಸಿದ ಧ್ವನಿಗೂ ಉಳಿದುಬಂದ ಧ್ವನಿಗೂ ಇರುವ ಅಂತರ ವಿದ್ಯಾರ್ಥಿಗಳಿಗೆ ತಾನಾಗಿಯೇ ತಿಳಿಯುತ್ತದೆ.

ಪ್ರಸಂಗಪೀಠದ ಮುಂದೆ ಕುಳಿತವರು

ಇದೆಲ್ಲ ಗ್ರಂಥಾಲಯದ ಚರ್ಚೆಯಾಗಿ ಉಳಿಯದು. ಆದಿಕಾಂಡ 34ನ್ನು ಓದಿ ಪ್ರಸಂಗ ಮಾಡುವ ದಿನ, ದೀನಳಿಗಾದದ್ದು ತನಗೂ ಆದವಳೊಬ್ಬಳು ಸಭೆಯಲ್ಲಿ ಕುಳಿತಿರಬಹುದು. ಅವಳು ಅದನ್ನು ಯಾರಿಗೂ ಹೇಳದಿರಬಹುದು. ಹೇಳಿದಾಗ ಮನೆಯವರು ಯಾಕೋಬನಂತೆ ಕುಟುಂಬದ ಹೆಸರನ್ನೇ ನೆನೆದಿರಬಹುದು. ನಾವು ದೀನಳ ಮೌನಕ್ಕೆ ಕೊಡುವ ಅರ್ಥವನ್ನು ಅವಳು ತನ್ನ ಮೌನಕ್ಕೆ ಕೊಟ್ಟ ಅರ್ಥವೆಂದೇ ಕೇಳಿಸಿಕೊಳ್ಳುತ್ತಾಳೆ.

ಹಾಗಾದರೆ ಆ ಮೌನದ ಮುಂದೆ ನಾವು ಏನು ಮಾಡಬೇಕು? ಅದೇ ಆದಿಕಾಂಡವು ದಾರಿ ತೋರಿಸುತ್ತದೆ. 16ನೆಯ ಅಧ್ಯಾಯದಲ್ಲಿ ಅಬ್ರಾಮನೂ ಸಾರಯಳೂ ಹಾಗರಳನ್ನು ‘ದಾಸಿ’ ಎನ್ನುತ್ತಾರೆಯೇ ಹೊರತು ಹೆಸರು ಹಿಡಿದು ಕರೆಯುವುದಿಲ್ಲ. ಅರಣ್ಯದ ಬುಗ್ಗೆಯ ಬಳಿ ಯೆಹೋವನ ದೂತನೇ ಮೊದಲು ಅವಳನ್ನು ಹೆಸರು ಹಿಡಿದು ಕರೆದು, ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ ಎಂದು ಕೇಳುತ್ತಾನೆ. ಅವಳು ಉತ್ತರ ಕೊಡುತ್ತಾಳೆ. ತನ್ನನ್ನು ನೋಡುವಾತನೆಂದು ದೇವರಿಗೆ ಹೆಸರನ್ನೂ ಇಡುತ್ತಾಳೆ. ರಕ್ತಸ್ರಾವದ ರೋಗಿಯಾಗಿದ್ದ ಹೆಂಗಸಿನ ಪ್ರಸಂಗದಲ್ಲಿಯೂ ಹಾಗೆಯೇ. ಯಾಯೀರನ ಮಗಳು ಸಾಯುವ ಸ್ಥಿತಿಯಲ್ಲಿದ್ದಾಗಲೂ ಯೇಸು ದಾರಿಯಲ್ಲಿ ನಿಂತು, ಮುಟ್ಟಿದವರು ಯಾರೆಂದು ಕೇಳಿ, ಅವಳು ನಡೆದ ಸಂಗತಿಯನ್ನೆಲ್ಲ ಹೇಳಿ ಮುಗಿಸುವ ತನಕ ಕಾದನು (ಮಾರ್ಕ 5:30-34).

ಸ್ತ್ರೀಯರ ಬಾಳನ್ನು ಕುರಿತ ಒಳ್ಳೆಯ ಕಾದಂಬರಿ ನಮಗೆ ಆ ಪ್ರಶ್ನೆಯನ್ನು ಕಲಿಸುತ್ತದೆ. ಅದಕ್ಕಾಗಿ ನಾವು ಅದಕ್ಕೆ ಋಣಿಗಳು. ಉತ್ತರವನ್ನು ಮಾತ್ರ ಕಾದಂಬರಿಯಿಂದಲೂ ನಮ್ಮ ಕಲ್ಪನೆಯಿಂದಲೂ ಎರವಲು ತರಬಾರದು. ದೀನಳ ಉತ್ತರ ನಮಗೆ ಎಂದಿಗೂ ದೊರೆಯದು. ಪ್ರಸಂಗ ಮಾಡುವವನು ಅಷ್ಟನ್ನು ಸಭೆಯ ಮುಂದೆ ಒಪ್ಪಿಕೊಂಡು, ಅವಳನ್ನು ಯಾರೂ ಕೇಳಲಿಲ್ಲವೆಂಬುದನ್ನು ಹೇಳಿ, ಆರಾಧನೆ ಮುಗಿದ ಮೇಲೆ ಬಾಗಿಲ ಬಳಿ ಅವಸರಪಡದೆ ನಿಂತಿರಲಿ. ಬಂದು ಮಾತನಾಡುವವಳ ಮಾತನ್ನು ಕಥೆಯೆಂದು ತಳ್ಳಿಹಾಕದೆ, ತನ್ನ ಕಥೆಯನ್ನು ಅದಕ್ಕೆ ಸೇರಿಸದೆ ಕೇಳಲಿ.